ಕಸಿ ಕಾಣದ ಎರಡು ತೋಟ

ಫ್ರಾನ್ಸಿನ ಷಾಂಪೇನ್ ಸೀಮೆಯ ಆಯೀ ಎಂಬ ಊರಿನಲ್ಲಿ ಬೊಲಿಂಜರ್ ಮನೆತನಕ್ಕೆ ಸೇರಿದ ಎರಡು ಪುಟ್ಟ ದ್ರಾಕ್ಷಿ ತೋಟಗಳಿವೆ. ಸುತ್ತಲೂ ಗೋಡೆ. ಒಳಗೆ ಬಳ್ಳಿಗಳು ಸಾಲುಗಟ್ಟಿಲ್ಲ. ಜಾತ್ರೆಯ ಜನರ ಹಾಗೆ ಒತ್ತೊತ್ತಾಗಿ ನಿಂತಿವೆ. ಫ್ರೆಂಚರು ಈ ಪದ್ಧತಿಗೆ ಇಟ್ಟಿರುವ ಹೆಸರಿನ ಅರ್ಥವೂ 'ಜನಜಂಗುಳಿಯಂತೆ' ಎಂದೇ. ಟ್ರ್ಯಾಕ್ಟರ್ ನುಗ್ಗುವ ಹಾಗಿಲ್ಲ, ಬಹುಪಾಲು ಕೆಲಸ ಕೈಯಲ್ಲೇ ಆಗಬೇಕು. ಇವುಗಳ ನಿಜವಾದ ವಿಶೇಷ ಇರುವುದು ಮಣ್ಣಿನ ಕೆಳಗೆ. ಈ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ನಿಂತಿವೆ. ಫ್ರಾನ್ಸಿನ ಉಳಿದ ಬಹುತೇಕ ದ್ರಾಕ್ಷಿ ಬಳ್ಳಿಗಳ ಬೇರು ಅಮೆರಿಕದ್ದು.

ಈ ಮನೆತನದ ವೈನ್ ವ್ಯಾಪಾರ ಶುರುವಾದದ್ದು 1829ರಲ್ಲಿ. ತೋಟ ವಿಲೆರ್ಮೋಂ ಎಂಬ ಕುಲೀನನದು. ಕುಲೀನರು ವ್ಯಾಪಾರಕ್ಕಿಳಿಯುವುದು ಆ ಕಾಲಕ್ಕೆ ಗೌರವದ ಮಾತಲ್ಲ, ಹಾಗಾಗಿ ಸೀಸೆಯ ಮೇಲೆ ಅವನ ಹೆಸರು ಬರಲಿಲ್ಲ. ಪಾಲುದಾರನಾಗಿ ಜರ್ಮನಿಯ ಕಡೆಯಿಂದ ಬಂದ ಜೋಸೆಫ್ ಬೊಲಿಂಜರ್ 1837ರಲ್ಲಿ ಅವನ ಮಗಳನ್ನೇ ಮದುವೆಯಾದ. ಉಳಿದದ್ದು ಅಳಿಯನ ಹೆಸರು.

ಮೂರು ದಶಕ ಕಳೆಯುವಷ್ಟರಲ್ಲಿ ದಕ್ಷಿಣ ಫ್ರಾನ್ಸಿನ ತೋಟಗಳು ಕಾರಣ ಗೊತ್ತಾಗದೆ ಒಣಗತೊಡಗಿದವು. ಸತ್ತ ಬಳ್ಳಿಯನ್ನು ಕಿತ್ತು ನೋಡಿದರೆ ಕೊಳೆತ ಬೇರು, ಮತ್ತೇನೂ ಇಲ್ಲ. 1868ರ ಜುಲೈನಲ್ಲಿ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಜೊತೆಗಾರರು ಆರೋಗ್ಯವಾಗಿ ಕಾಣುತ್ತಿದ್ದ ಬಳ್ಳಿಗಳನ್ನೂ ಅಗೆಸಿದರು. ಭೂತಗನ್ನಡಿ ಹಿಡಿದು ನೋಡಿದಾಗ ಬೇರಿನ ತುಂಬ ಹಳದಿ ಚುಕ್ಕೆಗಳು. ಪ್ರತಿ ಚುಕ್ಕೆಯೂ ಒಂದು ಮಿಲಿಮೀಟರ್ ಉದ್ದದ, ಗಿಡಹೇನಿನ ಹತ್ತಿರದ ಕೀಟ: ಫಿಲಾಕ್ಸೆರಾ. ಬಳ್ಳಿ ಸಾಯುವ ಹೊತ್ತಿಗೆ ಅದು ಪಕ್ಕದ ಹಸಿ ಬೇರಿಗೆ ಹೋಗಿಬಿಟ್ಟಿರುತ್ತದೆ. ಸತ್ತ ಗಿಡದಲ್ಲೇ ಹುಡುಕುತ್ತಿದ್ದವರಿಗೆ ಅದು ಸಿಗದಿದ್ದದ್ದು ಅದಕ್ಕೇ.

ಈ ಕೀಟ ಉತ್ತರ ಅಮೆರಿಕದ್ದು. ಅಲ್ಲಿನ ಕಾಡುದ್ರಾಕ್ಷಿಗೂ ಇದಕ್ಕೂ ಸಾವಿರಾರು ವರ್ಷಗಳ ಜಗಳ. ಕೀಟ ಚುಚ್ಚಿದ ಕಡೆ ಬೇರು ಬೆಂಡಿನಂಥ ಪದರ ಕಟ್ಟಿಕೊಂಡು ಗಾಯವನ್ನು ಮುಚ್ಚಿಬಿಡುತ್ತದೆ. ಯುರೋಪಿನ ದ್ರಾಕ್ಷಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಅದರ ಗಾಯ ಬಾಯ್ದೆರೆದೇ ಇರುತ್ತದೆ, ಶಿಲೀಂಧ್ರ ಹೊಕ್ಕು ಬೇರು ಕೊಳೆಯುತ್ತದೆ. ಇತ್ತ ಹೆಣ್ಣು ಕೀಟ ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತದೆ. 1875ರಲ್ಲಿ 8.45 ಕೋಟಿ ಹೆಕ್ಟೋಲೀಟರ್ (ಒಂದು ಹೆಕ್ಟೋಲೀಟರ್ ಎಂದರೆ ನೂರು ಲೀಟರ್) ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ಕ್ಕೆ 2.34 ಕೋಟಿಗೆ ಕುಸಿಯಿತು.

ರೋಗ ತಂದ ನಾಡಿನಿಂದಲೇ ಮದ್ದು ಬಂತು: ಅಮೆರಿಕದ ಬೇರಿನ ಮೇಲೆ ಫ್ರಾನ್ಸಿನ ಕಡ್ಡಿಯ ಕಸಿ. ಷಾಂಪೇನಿನಂಥ ಸುಣ್ಣದ ನೆಲದಲ್ಲಿ ಇದೂ ಕೈಕೊಟ್ಟಿತು. ಸುಣ್ಣ ಹೆಚ್ಚಿದ್ದಲ್ಲಿ ಬೇರಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಗೆ ತಿರುಗುತ್ತದೆ. 1887ರಲ್ಲಿ ಅಮೆರಿಕಕ್ಕೆ ಹೋದ ಫ್ರೆಂಚ್ ದ್ರಾಕ್ಷಿ ವಿಜ್ಞಾನಿ ಪಿಯೆರ್ ವಿಯಾಲಾಗೆ ಟೆಕ್ಸಸ್‌ನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಕಾಡುದ್ರಾಕ್ಷಿಯ ದಾರಿ ತೋರಿಸಿದವನು ಅಲ್ಲಿನ ದ್ರಾಕ್ಷಿ ತಜ್ಞ ಥಾಮಸ್ ಮನ್ಸನ್. ಈ ಹೆಸರು ನಮಗೆ ದೂರದ್ದಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಸವುಳು ನೆಲ, ಬರ ಎರಡನ್ನೂ ತಾಳಲಿ ಎಂದು ನೆಡುವ ಡಾಗ್‌ರಿಡ್ಜ್ ಬೇರುಗಿಡವನ್ನು ಟೆಕ್ಸಸ್‌ನ ಕಾಡಿನಿಂದ ಆರಿಸಿದವನೂ ಇವನೇ. ಅದರ ಕಾಂಡ ಸೀಳಿ, ಬೆಣೆಯಂತೆ ಕೆತ್ತಿದ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ತಳಿಯ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ಪ್ರತಿ ಕೈಯಲ್ಲೂ ಆ ಚರಿತ್ರೆಯ ಒಂದು ಎಳೆ ಇದೆ.

ಆಯೀ ಊರಿನ ಸುತ್ತಲೂ ಕಸಿ ಗಿಡ ಬಂದರೂ ಬೊಲಿಂಜರ್ ಮನೆಯವರ ಕೆಲವು ತುಂಡು ನೆಲ ಮಾತ್ರ ಹಳೆಯ ಬೇರಿನಲ್ಲೇ ಉಳಿಯಿತು. 1941ರಲ್ಲಿ, ಜರ್ಮನ್ ಸೇನೆ ಊರಿನಲ್ಲಿದ್ದಾಗ, ಮನೆಯ ಯಜಮಾನ ಜಾಕ್ ಬೊಲಿಂಜರ್ ತೀರಿಕೊಂಡರು. ಹೆಂಡತಿ ಲಿಲಿ ಹೊಣೆ ಹೊತ್ತರು. ಸೈಕಲ್ ತುಳಿಯುತ್ತ ತೋಟ ಸುತ್ತುತ್ತಿದ್ದ ಈ ಹೆಣ್ಣುಮಗಳ ಬಗ್ಗೆ ನನಗೆ ಅಪಾರ ಗೌರವ. 1969ರಲ್ಲಿ ಅವರ ಕಾಲದಲ್ಲೇ ಕಸಿಯಿಲ್ಲದ ಬಳ್ಳಿಗಳ ಹಣ್ಣಿನಿಂದ ಪ್ರತ್ಯೇಕ ಷಾಂಪೇನ್ ಮೊದಲ ಸಲ ತಯಾರಾಯಿತು. ಹಣ್ಣು ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ, ಷಾಂಪೇನ್ ಮಾತ್ರ ಬಿಳಿ. ಬಣ್ಣವಿರುವುದು ಸಿಪ್ಪೆಯಲ್ಲಿ, ಮೆಲ್ಲಗೆ ಹಿಂಡಿದರೆ ರಸಕ್ಕೆ ಇಳಿಯುವುದಿಲ್ಲ. ಲಿಲಿಗೆ ಮಕ್ಕಳಿರಲಿಲ್ಲ. 1971ರಲ್ಲಿ ಹೊಣೆ ಬಂಧುಗಳ ಕೈಗೆ ಹೋಯಿತು, ಇಂದಿಗೂ ಸಂಸ್ಥೆ ಕುಟುಂಬದ್ದೇ.

ಬಳ್ಳಿಗಳ ವಂಶ ಬೆಳೆಯುವ ಬಗೆ ಮಲ್ಲಿಗೆ ಹಬ್ಬಿಸುವವರಿಗೆ ತಟ್ಟನೆ ಅರ್ಥವಾಗುತ್ತದೆ. ರೆಂಬೆಯನ್ನು ಕತ್ತರಿಸದೆ ಬಾಗಿಸಿ ಗುಂಡಿಯಲ್ಲಿ ಮಲಗಿಸಿ, ತುದಿಯ ಎರಡು ಮೂರು ಕಣ್ಣು ಮೇಲೆ ಬಿಟ್ಟು ಮಣ್ಣು ಮುಚ್ಚುತ್ತಾರೆ. ಹೂತ ಗೆಣ್ಣುಗಳಲ್ಲಿ ಹೊಸ ಬೇರು ಮೂಡುತ್ತದೆ. ತಾಯಿಯ ದೇಹವೇ ಮುಂದೆ ತೆವಳಿ ಮಗುವಾಗುತ್ತದೆ. ಹಾಗಾಗಿ ಅಲ್ಲಿನ ಒಂದು ಬಳ್ಳಿಯ ವಯಸ್ಸೆಷ್ಟು ಎಂದು ಕೇಳಿದರೆ ಉತ್ತರಿಸುವುದು ಕಷ್ಟ.

ಲಿಲಿ ಕಾಲದಲ್ಲಿ ಇಂಥ ತೋಟ ಎರಡಲ್ಲ, ಮೂರಿದ್ದವು. ಮೂರನೆಯದು ಬೂಜಿ ಎಂಬ ಊರಿನದು. 2004ರ ಸುಮಾರಿಗೆ ಫಿಲಾಕ್ಸೆರಾ ಅದಕ್ಕೂ ತಗುಲಿತು.