ಮೊದಲ ದಿನದ 38 ರೂಪಾಯಿ: ಬ್ಯಾಂಕುಗಳು ವಿಲೀನವಾದಾಗ ಹಳೇ ಲೆಡ್ಜರ್‌ಗಳ ಗತಿ ಏನು?

1906ರ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಒಂದು ಸಣ್ಣ ಬ್ಯಾಂಕ್ ಶುರುವಾಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 38 ರೂಪಾಯಿ, 13 ಆಣೆ, 2 ಪೈ. ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಕೆಲವರ ಜೊತೆ ಸೇರಿ ಕಟ್ಟಿದ ಈ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಆ 2 ಪೈ ಲೆಕ್ಕ ಇವತ್ತಿಗೂ ನಮಗೆ ಗೊತ್ತಿದೆ ಅಂದರೆ, ಅದನ್ನು ಯಾರೋ ಬರೆದಿಟ್ಟರು. ಆಮೇಲೆ ಬಂದವರು ಎಸೆಯದೆ ಉಳಿಸಿಕೊಂಡರು.

2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿಹೋಗಿದ್ದವು. ಕನ್ನಡ ನೆಲದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ನಾಲ್ಕು ವರ್ಷದೊಳಗೆ ಇಳಿಯಿತು. ಹೆಸರು ಹೋಯಿತಲ್ಲ ಅಂತ ಆಗ ತುಂಬಾ ಜನ ಬೇಜಾರು ಮಾಡಿಕೊಂಡರು. ಆದರೆ ಕಾಗದಪತ್ರಗಳ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ.

ಕಂಪನಿಯ ಹಳೇ ಕಾಗದ ಕಾಪಾಡಬೇಕು ಅನ್ನುವ ಯೋಚನೆ ಹೊಸದೇನಲ್ಲ. ಜರ್ಮನಿಯ ಉಕ್ಕಿನ ಕಂಪನಿ ಕ್ರುಪ್ 1905ರಲ್ಲೇ ಇದಕ್ಕಾಗಿ ಪತ್ರಾಗಾರ ತೆರೆದಿತ್ತು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 1981ರಲ್ಲಿ, ಟಾಟಾ 1991ರಲ್ಲಿ, ಗೋದ್ರೆಜ್ 2006ರಲ್ಲಿ ಇಂಥದೇ ವ್ಯವಸ್ಥೆ ಮಾಡಿಕೊಂಡವು. ಸ್ಟೇಟ್ ಬ್ಯಾಂಕ್ ಕೋಲ್ಕತ್ತಾದಲ್ಲಿ ತನ್ನ ಹಿಂದಿನ ಬ್ಯಾಂಕುಗಳ ಕಾಗದ ಉಳಿಸಿಕೊಂಡು ಬಂದಿತ್ತು. 1806ರಿಂದ ಶುರುವಾಗುವ ತನ್ನ ಚರಿತ್ರೆಯನ್ನು ಸಂಪುಟಗಟ್ಟಲೆ ಬರೆಸಲು ಅದಕ್ಕೆ ಸಾಧ್ಯವಾಗಿದ್ದು ಅದರಿಂದಲೇ. ಇವೆಲ್ಲ ದೊಡ್ಡ ಸಂಸ್ಥೆಗಳು. ಕರಾವಳಿಯ ಕಥೆ ಬೇರೆ.

ಇಲ್ಲಿನ ಬ್ಯಾಂಕುಗಳು ಹುಟ್ಟಿದ್ದೇ ಚಿಲ್ಲರೆ ಕಾಸಿನಿಂದ. ಅಮ್ಮೆಂಬಳ ಸುಬ್ಬರಾವ್ ಪೈ 1906ರ ಜುಲೈನಲ್ಲಿ ಮಂಗಳೂರಿನಲ್ಲಿ ಒಂದು ನಿಧಿ ಕಟ್ಟಿದರು. ಅದೇ ಕೆನರಾ ಬ್ಯಾಂಕ್. 1925ರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಇನ್ನೊಂದನ್ನು ತೆರೆದರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಇದು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಇವರೇ 1928ರಲ್ಲಿ ಪಿಗ್ಮಿ ಶುರು ಮಾಡಿದ್ದು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿಗೆ ಬರುತ್ತಿದ್ದರು. ಎರಡಾಣೆ ಕೊಟ್ಟರೂ ಸಾಕು, ಕಾರ್ಡಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಇವತ್ತಿಗೂ ಕರಾವಳಿಯಲ್ಲಿ ಸಹಕಾರಿ ಸಂಘದವರು ಸಂಜೆ ಬಂದರೆ ‘ಪಿಗ್ಮಿಯವರು ಬಂದ್ರು’ ಅಂತಲೇ ಹೇಳುವುದು.

ಆ ಕಾಲದ ಒಂದು ಪಿಗ್ಮಿ ಲೆಡ್ಜರ್ ಏನೇನು ಹೇಳಬಲ್ಲದು ನೋಡಿ. ಒಂದೊಂದು ಹೆಸರಿಗೆ ಒಂದು ಸಾಲು, ಆ ಸಾಲಿನಲ್ಲಿ ದಿನಕ್ಕೊಂದು ಚೌಕ. ಮಳೆಗಾಲದಲ್ಲಿ ಮೀನುಗಾರರ ಸಾಲು ಖಾಲಿ ಬೀಳುತ್ತದೆ. ಹಬ್ಬ, ಮದುವೆಯ ತಿಂಗಳುಗಳಲ್ಲಿ ಹಣ ತೆಗೆಯುವುದು ಜಾಸ್ತಿಯಾಗುತ್ತದೆ. ಹೆಂಗಸರ ಹೆಸರಿನ ಖಾತೆ ಎಷ್ಟಿದ್ದವು, ಯಾವ ಕೇರಿಯವರು ಬ್ಯಾಂಕಿಗೆ ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ ಅನ್ನುವುದೂ ಅದರಲ್ಲೇ ಇರುತ್ತದೆ. ಬಡವರ ದುಡಿಮೆಯ ಬಗ್ಗೆ ದಿನದಿನದ ಲೆಕ್ಕ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದು ಕಷ್ಟ. ಸರ್ಕಾರಿ ಗೆಜೆಟಿಯರ್‌ನಲ್ಲಿ ಭತ್ತದ ಬೆಲೆ ಸಿಗಬಹುದು. ಒಬ್ಬ ನೇಕಾರ ಯಾವ ವಾರ ಎರಡಾಣೆ ಕೊಡಲಾಗದೆ ಹೋದ ಅನ್ನುವುದು ಸಿಗುವುದಿಲ್ಲ.

ಗೋಜಲು ಶುರುವಾಗುವುದು 1960ರ ದಶಕದಲ್ಲಿ. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ ಸಣ್ಣ ಬ್ಯಾಂಕುಗಳನ್ನು ದೊಡ್ಡವಕ್ಕೆ ಸೇರಿಸುವ ಕೆಲಸ ಜೋರಾಯಿತು. ವಿಜಯಾ ಬ್ಯಾಂಕ್ ಒಂದೇ ಆ ದಶಕದಲ್ಲಿ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಕರ್ಣಾಟಕ ಬ್ಯಾಂಕಿಗೆ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗದ ಬ್ಯಾಂಕ್ ಬಂದು ಸೇರಿದವು. 1969ರಲ್ಲಿ 14, 1980ರಲ್ಲಿ 6 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಮೇಲೆ ಕಂಪ್ಯೂಟರ್ ಬಂತು. ಚಾಲ್ತಿ ಖಾತೆಗಳ ಬಾಕಿ ಮೊತ್ತ ಕಂಪ್ಯೂಟರಿಗೆ ಹೋಯಿತು, ಅದರ ಹಿಂದಿನ ಹತ್ತಾರು ವರ್ಷಗಳ ವಹಿವಾಟು ಪುಸ್ತಕದಲ್ಲೇ ಉಳಿಯಿತು. ಹಾಗಾಗಿ ‘ಈಗ ಎಲ್ಲಾ ಡಿಜಿಟಲ್ ಅಲ್ವಾ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಅಂದರೆ 2020ರಲ್ಲಿ ಕೈ ಬದಲಾಗಿದ್ದು ಒಂದು ಬ್ಯಾಂಕಿನ ಕಾಗದ ಮಾತ್ರ ಅಲ್ಲ. ಆ ಬ್ಯಾಂಕಿನೊಳಗೆ ಹಿಂದೆಯೇ ಸೇರಿಕೊಂಡಿದ್ದ ಬ್ಯಾಂಕುಗಳದ್ದೂ ಹೌದು.

ಕಾನೂನು ಏನು ಹೇಳುತ್ತದೆ? ಎರಡು ಕಾನೂನು ಎರಡು ಕಡೆ ಎಳೆಯುತ್ತವೆ. 1985ರ ಬ್ಯಾಂಕಿಂಗ್ ನಿಯಮಗಳ ಪ್ರಕಾರ ಕೆಲವು ಪುಸ್ತಕಗಳನ್ನು ಕನಿಷ್ಠ 5 ವರ್ಷ, ಕೆಲವನ್ನು 8 ವರ್ಷ ಇಟ್ಟುಕೊಳ್ಳಬೇಕು. ಇದು ಕನಿಷ್ಠ ಅವಧಿ. ಆದರೆ ಜಾಗದ ಬಾಡಿಗೆ ಕಟ್ಟುವವರ ಕಣ್ಣಿಗೆ ಅದು ಎಸೆಯುವ ದಿನಾಂಕದ ಹಾಗೆ ಕಾಣುತ್ತದೆ. ಇನ್ನೊಂದು ಕಡೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಕೇಂದ್ರದ ಹಿಡಿತದಲ್ಲಿರುವ ಶಾಸನಬದ್ಧ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ದಾಖಲೆ ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಬೇಕು. 25 ವರ್ಷ ದಾಟಿದ ದಾಖಲೆಗಳನ್ನು ರಾಷ್ಟ್ರೀಯ ಪತ್ರಾಗಾರದ ಜೊತೆ ಕೂತು ಪರಿಶೀಲಿಸಿ, ಶಾಶ್ವತವಾಗಿ ಉಳಿಸಬೇಕಾದ್ದನ್ನು ಆರಿಸಬೇಕು. ಮೊದಲನೆಯದನ್ನು ಪ್ರತಿ ಶಾಖೆಯೂ ಬಲ್ಲದು, ಆಡಿಟ್‌ನಲ್ಲಿ ಕೇಳುತ್ತಾರೆ. ಎರಡನೆಯದರ ಹೆಸರು ಕೇಳಿದ ಮ್ಯಾನೇಜರ್ ಸಿಗುವುದು ಅಪರೂಪ.

ವಿಲೀನದ ನಂತರ ಒಂದೇ ರಸ್ತೆಯ ಎರಡು ಶಾಖೆ ಒಂದಾಗುತ್ತವೆ. ಒಂದು ಕಟ್ಟಡ ಖಾಲಿ ಮಾಡಬೇಕು. ಸೇಫು, ಕಂಪ್ಯೂಟರ್, ಸಾಲದ ಫೈಲು ಮೊದಲು ಹೋಗುತ್ತವೆ. ಅಟ್ಟದ ಮೇಲಿನ ಕಟ್ಟುಗಳು ಕೊನೆಗೆ ಉಳಿಯುತ್ತವೆ. ಅವುಗಳನ್ನು ಬಿಚ್ಚಿ ನೋಡಲು ಸಮಯವೂ ಇಲ್ಲ, ಯಾವುದು ಮುಖ್ಯ ಅಂತ ಹೇಳುವವರೂ ಇಲ್ಲ. ಅವಧಿ ಮುಗಿದಿದ್ದರೆ ರದ್ದಿ. ಇದರಲ್ಲಿ ಯಾರದೂ ಕೆಟ್ಟ ಉದ್ದೇಶ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ನಿಯಮದ ಪ್ರಕಾರವೇ ಮಾಡಿರುತ್ತಾರೆ. ಕರಾವಳಿಯ ಮಳೆಗಾಲ ಇನ್ನೊಂದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಎಳೆಯುತ್ತದೆ, ಗುಂಡುಪಿನ್ ತುಕ್ಕು ಹಿಡಿದು ಹಾಳೆ ತೂತಾಗುತ್ತದೆ. ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಗ್ರಾಹಕರ ಗುಟ್ಟು ಹೊರಗೆ ಬರಬಾರದು ಅನ್ನುವ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೂ ದಾರಿ ಇದೆ. ಇಂತಿಷ್ಟು ದಶಕ ಮುಚ್ಚಿಟ್ಟು ಆಮೇಲೆ ತೆರೆಯಬಹುದು, ಹೆಸರು ಮರೆಮಾಡಿ ಅಂಕಿ ಕೊಡಬಹುದು. ಆಡಳಿತ ಮಂಡಳಿಯ ನಡಾವಳಿ ಪುಸ್ತಕ, ಶಾಖೆ ತೆರೆದ ಪತ್ರವ್ಯವಹಾರ, ಫೋಟೋ, ಜಾಹೀರಾತುಗಳಿಗಂತೂ ಆ ತೊಂದರೆಯೂ ಕಡಿಮೆ.

ಮಂಗಳೂರಿನದೇ ಇನ್ನೊಂದು ಉದ್ಯಮ ನೋಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮಿಷನ್ನಿನ ಪತ್ರಗಳು, ವರದಿಗಳು, ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿವೆ. ಫೋಟೋಗಳನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ನೋಡಬಹುದು. ಅಷ್ಟು ದೂರದವರು ನಮ್ಮ ಹೆಂಚಿನ ಚರಿತ್ರೆ ಉಳಿಸಿದ್ದಾರೆ. ನಮ್ಮವರೇ ಕಟ್ಟಿದ ಬ್ಯಾಂಕುಗಳಿಗೆ ಕರಾವಳಿಯಲ್ಲೇ ಒಂದು ಪತ್ರಾಗಾರ ಬೇಕು ಅನ್ನುವುದು ಜಾಸ್ತಿ ಆಸೆಯೇನಲ್ಲ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕಾಗದಕ್ಕೂ ಅಂಥ ಒಂದು ಜಾಗ ಸಿಗಬೇಕು.

ಕಟ್ಟಡ ಆಗುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಹಳೇ ಲೆಡ್ಜರಿನ ಅಡ್ಡಹೆಸರು, ಗುರುತು, ಚಿಕ್ಕ ಸಹಿ ಯಾವುದು ಯಾರದು ಅಂತ ಓದಿ ಹೇಳಬಲ್ಲವರು ನಿವೃತ್ತ ಸಿಬ್ಬಂದಿ. ಮೊದಲ ರಾಷ್ಟ್ರೀಕರಣದ ವರ್ಷ, ಅಂದರೆ 1969ರಲ್ಲಿ, 20ರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ 75 ದಾಟಿದೆ. ಅವರ ಮುಂದೆ ಆ ಪುಸ್ತಕ ಬಿಚ್ಚಿಟ್ಟು, ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಲು ಒಂದು ಫೋನ್ ಸಾಕು. ನಿವೃತ್ತರ ಸಂಘಗಳು, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಗಳು ಇದನ್ನು ಈ ವರ್ಷವೇ ಶುರು ಮಾಡಬಹುದು.