ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ

ಪುಣೆಯ ಬಾಣೇರ್ ಕಡೆ ಒಂದು ಹೌಸಿಂಗ್ ಸೊಸೈಟಿಯ ಲಾನ್ ನೋಡಲು ಹೋಗಿದ್ದೆ. ಗೇಟಿನ ಹತ್ತಿರ ಆರು ಗೋಣಿಚೀಲದ ತುಂಬ ಆಗಷ್ಟೇ ಕತ್ತರಿಸಿದ ಹಸಿ ಹುಲ್ಲು, ಕಸದ ಗಾಡಿಗೆ ಕಾಯುತ್ತಿತ್ತು. ಪಕ್ಕದಲ್ಲೇ ಹೊಸದಾಗಿ ತಂದ ಯೂರಿಯಾ ಮೂಟೆ. ಹೊರಗೆ ಹೋಗುತ್ತಿರುವುದೂ ಸಾರಜನಕ, ದುಡ್ಡು ಕೊಟ್ಟು ಒಳಗೆ ತರುತ್ತಿರುವುದೂ ಸಾರಜನಕ. ನೋಡಿ ಹೊಟ್ಟೆ ಉರಿಯಿತು.

ಹಸಿ ಹುಲ್ಲಿನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಒಣಗಿದ ಮೇಲೆ ಉಳಿಯುವುದರಲ್ಲಿ ಸುಮಾರು 4% ಸಾರಜನಕ, ಜೊತೆಗೆ ಪೊಟ್ಯಾಷ್, ಸ್ವಲ್ಪ ರಂಜಕ. ಅದನ್ನು ಅಲ್ಲೇ ಬಿಟ್ಟರೆ ಲಾನಿಗೆ ವರ್ಷಕ್ಕೆ ಬೇಕಾದ ಗೊಬ್ಬರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸುಮ್ನೆ ಸಿಗುತ್ತದೆ.

"ಅದು ಕೊಳೆತು ಮೇಲೆ ದಪ್ಪ ಪದರ ಕಟ್ಟಲ್ವಾ ಸರ್?" ಅಂತ ಮಾಲಿ ಕೇಳಿದರು. ವಿಜಯಪುರದ ಕಡೆಯವರು, ಕನ್ನಡದಲ್ಲೇ ಮಾತಾಯಿತು. ಇಲ್ಲ, ಕಟ್ಟುವುದಿಲ್ಲ. ಆ ಪದರ ಆಗುವುದು ಬೇರು, ಕಾಂಡ, ನೆಲದ ಮೇಲೆ ಹರಿಯುವ ಬಳ್ಳಿಯಿಂದ. ಅವು ಗಟ್ಟಿ ನಾರು, ಬೇಗ ಕರಗುವುದಿಲ್ಲ. ನಾವು ಕತ್ತರಿಸುವುದು ಎಲೆಯ ತುದಿ, ಅದು ಮೆತ್ತಗಿರುತ್ತದೆ, ಬೇಗ ಕರಗುತ್ತದೆ. ಒಂದೆರಡು ವಾರ ಬಿಟ್ಟು ಗರಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ, ಬುಡದಲ್ಲಿ ಕಂದು ಚೂರು ಅಲ್ಲೊಂದು ಇಲ್ಲೊಂದು, ನಡುವೆ ಎರೆಹುಳು ಮೇಲೆ ಹಾಕಿದ ಮಣ್ಣಿನ ಸಣ್ಣ ಉಂಡೆಗಳು ಕಾಣುತ್ತವೆ.

ಆದರೆ ಕತ್ತರಿಸುವ ರೀತಿ ಸರಿ ಇರಬೇಕು. ಒಂದು ಸಲಕ್ಕೆ ಹುಲ್ಲಿನ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. 2 ಇಂಚು ಬೇಕಾದರೆ 3 ಇಂಚು ಆಗುತ್ತಲೇ ಕತ್ತರಿಸಿ. ಬ್ಲೇಡ್ ಹರಿತವಾಗಿರಲಿ.

ಕಷ್ಟ ಇರುವುದು ಇಲ್ಲಿನ ಮಳೆಗಾಲದಲ್ಲಿ. ಜುಲೈ-ಆಗಸ್ಟ್‌ನಲ್ಲಿ ಹುಲ್ಲು ನೋಡನೋಡುತ್ತ ಬೆಳೆಯುತ್ತದೆ, ಹತ್ತು ದಿನ ಬಿಡದೆ ಮಳೆ ಹಿಡಿದು ಮೊವರ್ (ಹುಲ್ಲು ಕತ್ತರಿಸುವ ಯಂತ್ರ) ಇಳಿಸಲು ಆಗದೆ ಆಮೇಲೆ ಒದ್ದೆಯಲ್ಲೇ ಕತ್ತರಿಸಿದರೆ ಮುದ್ದೆ ಮುದ್ದೆಯಾಗಿ ಬಿದ್ದು, ಅದರ ಕೆಳಗಿನ ಹುಲ್ಲು ಹಳದಿಯಾಗುತ್ತದೆ. ಬಿಸಿಲು ಬಿದ್ದು ಎಲೆ ಒಣಗುವವರೆಗೆ ಕಾಯಿರಿ. ಆಗಲೂ ಮುದ್ದೆ ಬಿದ್ದರೆ ಹಲ್ಲಿನ ಕುಂಟೆಯಿಂದ (ರೇಕ್) ಹರಡಿ. ತುಂಬ ಉದ್ದ ಬೆಳೆದಿದ್ದರೆ ಅದನ್ನು ತೆಗೆದು ಒಣ ಎಲೆಯ ಜೊತೆ ಕಾಂಪೋಸ್ಟ್ ಗುಂಡಿಗೆ ಹಾಕಿ.

ಶಿಲೀಂಧ್ರ ರೋಗದ ಮಚ್ಚೆ ಇರುವ ಕಡೆ, ಕಳೆ ಬೀಜ ಕಟ್ಟಿರುವ ಕಡೆ ಬಿಡಬೇಡಿ, ಎತ್ತಿಬಿಡಿ. ಕಳೆನಾಶಕ ಹೊಡೆದ ಹುಲ್ಲನ್ನು ಮಾತ್ರ ತರಕಾರಿ ಮಡಿಗೆ ಹಾಸಲೇಬೇಡಿ. ಟೊಮೆಟೊ ಗಿಡದ ಎಲೆ ಮುದುಡಿ ಹಾಳಾಗಬಹುದು.