ಗೌಟ್: ನೋವಿನ ಮಾತ್ರೆ ಬೇರೆ, ಯೂರಿಕ್ ಆಸಿಡ್ ಮಾತ್ರೆ ಬೇರೆ

ಮಲಗುವಾಗ ಏನೂ ಇರುವುದಿಲ್ಲ. ಬೆಳಗಿನ ಜಾವಕ್ಕೆ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿಕೊಂಡಿರುತ್ತದೆ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಇದೇ ಗೌಟ್: ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು. ನನ್ನ ಹತ್ತಿರ ಬರುವಷ್ಟರಲ್ಲಿ ಎಷ್ಟೋ ಜನ ಮೆಡಿಕಲ್ ಶಾಪಿನಿಂದ ಅಲೋಪ್ಯೂರಿನಾಲ್ ತಂದು ನುಂಗಿರುತ್ತಾರೆ. ನೋವು ಇಳಿದ ಮೇಲೆ ಬಿಟ್ಟೂ ಇರುತ್ತಾರೆ. ಎರಡೂ ಉಲ್ಟಾ.

ಅಲೋಪ್ಯೂರಿನಾಲ್, ಫೆಬುಕ್ಸೊಸ್ಟಾಟ್ ನೋವಿಗಲ್ಲ, ಯೂರಿಕ್ ಆಸಿಡ್ ಇಳಿಸುವುದಕ್ಕೆ. ನೋವಿಗೆ ಬೇಕಾದದ್ದು ಕಾಲ್ಚಿಸಿನ್, ನ್ಯಾಪ್ರೊಕ್ಸೆನ್‌ನಂಥ ಉರಿಯೂತ ಇಳಿಸುವ ನೋವಿನ ಮಾತ್ರೆ, ಇಲ್ಲವೇ ಕೆಲವು ದಿನದ ಸ್ಟೀರಾಯ್ಡ್. ಮೊದಲ ದಿನವೇ ಶುರು ಮಾಡಿದರೆ ಒಳ್ಳೆಯದು. ಭೇದಿ ಆಗುವವರೆಗೂ ಕಾಲ್ಚಿಸಿನ್ ಕೊಡುವ ಹಳೇ ಪದ್ಧತಿ ಈಗಿಲ್ಲ, ಸಣ್ಣ ಡೋಸ್ ಸಾಕು. ಕಿಡ್ನಿ ತೊಂದರೆ ಇದ್ದವರಂತೂ ನ್ಯಾಪ್ರೊಕ್ಸೆನ್‌ನಂಥ ನೋವಿನ ಮಾತ್ರೆಯನ್ನು ಸುಮ್ನೆ ನುಂಗಬಾರದು. ಅವರಿಗೆ ಸ್ಟೀರಾಯ್ಡೇ ಎಷ್ಟೋ ಸಲ ವಾಸಿ, ಆದರೆ ಶುಗರ್ ಏರುತ್ತದೆ, ನೋಡಿಕೊಳ್ಳಬೇಕು. ಐಸ್ ಇಡಿ, ಕಾಲಿಗೆ ವಿಶ್ರಾಂತಿ ಕೊಡಿ. ಉಜ್ಜಿ ಮಸಾಜ್ ಬೇಡ. ಕೀಲು ಊತದ ಜೊತೆ ಚಳಿಜ್ವರ ಬಂದರೆ ಅದು ಕೀಲಿನ ಸೋಂಕೂ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ನೋವಿದ್ದಾಗ ರಕ್ತದಲ್ಲಿ ಯೂರಿಕ್ ಆಸಿಡ್ ನಾರ್ಮಲ್ ಬರುವುದುಂಟು. ರಿಪೋರ್ಟ್ ನೋಡಿ 'ಗೌಟ್ ಅಲ್ಲ' ಅಂದುಕೊಳ್ಳಬೇಡಿ. ಎರಡು ಮೂರು ವಾರ ಬಿಟ್ಟು ಮತ್ತೆ ಮಾಡಿಸಿ.

ಮತ್ತೆ ಮತ್ತೆ ನೋವು ಬರುವವರಿಗೆ ಅಲೋಪ್ಯೂರಿನಾಲ್ ಬೇಕು. ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡಿ, ಯೂರಿಕ್ ಆಸಿಡ್ 6 mg/dL ಗಿಂತ ಕೆಳಗೆ ಬರುವವರೆಗೆ ನಿಧಾನವಾಗಿ ಏರಿಸುತ್ತೇವೆ. ಮೊದಲ ತಿಂಗಳುಗಳಲ್ಲಿ ಹರಳು ಕರಗುವಾಗಲೇ ಮತ್ತೆ ನೋವು ಬರುವುದುಂಟು. 'ನಿಮ್ಮ ಮಾತ್ರೆಯಿಂದಲೇ ಜಾಸ್ತಿ ಆಯ್ತು ಡಾಕ್ಟ್ರೇ' ಅನ್ನುತ್ತಾರೆ. ಮಾತು ಸುಳ್ಳಲ್ಲ! ಅದಕ್ಕೇ ಜೊತೆಗೆ ಮೂರರಿಂದ ಆರು ತಿಂಗಳು ಸಣ್ಣ ಡೋಸ್ ಕಾಲ್ಚಿಸಿನ್ ಕೊಡುವುದು. ನೋವು ಬಂತೆಂದು ಅಲೋಪ್ಯೂರಿನಾಲ್ ನಿಲ್ಲಿಸಬೇಡಿ. ಆದರೆ ಮೈಮೇಲೆ ಗಂಧೆ ಎದ್ದರೆ ತಕ್ಷಣ ನಿಲ್ಲಿಸಿ ಬನ್ನಿ.

ಊಟದ ವಿಷಯ. ತೊಗರಿ ಬೇಳೆ, ಪಾಲಕ್, ಟೊಮೆಟೊ ಎಲ್ಲ ಬಿಟ್ಟು ಸಾರೇ ಇಲ್ಲದ ಅನ್ನ ಉಣ್ಣುವವರಿದ್ದಾರೆ, ಪಾಪ. ಬೇಳೆ ಸೊಪ್ಪಿನಿಂದ ಗೌಟ್ ಹೆಚ್ಚುವುದಿಲ್ಲ. ಬಿಯರ್, ಲಿವರ್, ಮಟನ್, ಬಂಗುಡೆ ಭೂತಾಯಿಯಂಥ ಮೀನು, ಸಿಹಿ ಕೂಲ್‌ಡ್ರಿಂಕ್ಸ್ ಕಡಿಮೆ ಮಾಡಿ. ಬಿಪಿಗೆಂದು ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದು ಯೂರಿಕ್ ಆಸಿಡ್ ಏರಿಸುತ್ತದೆ, ಬೇರೆ ಬಿಪಿ ಮಾತ್ರೆಗೆ ಬದಲಿಸಬಹುದು.